ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ, ಕಡತ ಸಿರುಗುಪ್ಪದಲ್ಲಿ

ಸಿರುಗುಪ್ಪ ತಾಲ್ಲೂಕಿನ ಹೃದ್ರೋಗಿಯೊಬ್ಬರಿಗೆ ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಬೇಕಾದಾಗ ಅವರು ತಾಲ್ಲೂಕು ಆಸ್ಪತ್ರೆಯಿಂದ ಬಳ್ಳಾರಿಗೂ, ಅಲ್ಲಿಂದ ಅನೇಕ ವೇಳೆ ಕಲಬುರಗಿ ಅಥವಾ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೂ ಹೋಗಬೇಕಾಗುವುದರಿಂದ, ಚಾಕು ಹಿಡಿದ ವೈದ್ಯರು ಒಂದು ಊರಿನಲ್ಲಿಯೂ ಮುಂದೆ ವರ್ಷಗಟ್ಟಲೆ ನೋಡಿಕೊಳ್ಳುವ ವೈದ್ಯರು ಇನ್ನೊಂದು ಊರಿನಲ್ಲಿಯೂ ಉಳಿಯುತ್ತಾರೆ. ಇವರಿಬ್ಬರೂ ಪರಸ್ಪರ ಭೇಟಿಯಾಗುವ ಸಂಭವ ಕಡಿಮೆ. ಆಸ್ಪತ್ರೆ ಬರೆದುಕೊಟ್ಟ ಕಡತವೊಂದೇ ಇವರ ನಡುವಿನ ಕೊಂಡಿ. ಆ ಕಡತವನ್ನು ಓದಿ, ರೋಗಕ್ಕೂ ಚಿಕಿತ್ಸೆಗೂ ಗೊತ್ತುಪಡಿಸಿದ ಅಕ್ಷರ ಮತ್ತು ಅಂಕಿಗಳ ಗುರುತು ನೀಡುವ ಕೆಲಸಕ್ಕೆ ಮೆಡಿಕಲ್ ಕೋಡಿಂಗ್ ಎಂದು ಹೆಸರು.

ರೋಗಗಳ ಗುರುತುಪಟ್ಟಿಯ ಮೂಲವು ಫ್ರಾನ್ಸಿನ ಜಾಕ್ ಬೆರ್ಟಿಲಾನ್ 1893ರಲ್ಲಿ ಮಂಡಿಸಿದ ಮರಣಕಾರಣಗಳ ಪಟ್ಟಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 1948ರಿಂದ ಅದನ್ನು ಮುನ್ನಡೆಸುತ್ತಿದ್ದು, ಅದರ ಹನ್ನೊಂದನೆಯ ಆವೃತ್ತಿ 2022ರ ಜನವರಿ 1ರಂದು ಜಾರಿಗೆ ಬಂದಿದೆ. ಹತ್ತನೆಯ ಆವೃತ್ತಿಯಲ್ಲಿ ಹೃದಯಾಘಾತಕ್ಕೆ ‘ಐ 21’, ಕೀಲುವಾತ ಜ್ವರದಿಂದ ಹಾಳಾದ ಮೈಟ್ರಲ್ ಕವಾಟಕ್ಕೆ ‘ಐ 05’, ಹುಟ್ಟಿನಿಂದಲೇ ಬರುವ ನಾಲ್ಕು ದೋಷಗಳ ಫ್ಯಾಲಟ್ ತೊಂದರೆಗೆ ‘ಕ್ಯೂ 21.3’ ಎಂಬ ಗುರುತುಗಳಿವೆ.

ಈ ಪಟ್ಟಿ ರೋಗವನ್ನು ಹೆಸರಿಸುತ್ತದೆಯೇ ಹೊರತು ಮಾಡಿದ ಶಸ್ತ್ರಚಿಕಿತ್ಸೆಯನ್ನಲ್ಲ; ಅದಕ್ಕೆ ಬೇರೆ ಪಟ್ಟಿಗಳು ಬೇಕು. ಅಮೆರಿಕದ ಆಸ್ಪತ್ರೆಗಳು 2015ರ ಅಕ್ಟೋಬರ್‌ನಿಂದ ಒಳರೋಗಿಗಳಿಗೆ ಬಳಸುತ್ತಿರುವ ಏಳು ಸ್ಥಾನಗಳ ಸಂಕೇತದಲ್ಲಿ ‘021009ಡಬ್ಲ್ಯೂ’ ಎಂದರೆ ಎದೆ ತೆರೆದು, ರೋಗಿಯ ದೇಹದಿಂದಲೇ ತೆಗೆದ ಅಭಿಧಮನಿಯನ್ನು ಮಹಾಪಧಮನಿಯಿಂದ ಹೃದಯದ ಒಂದು ರಕ್ತನಾಳಕ್ಕೆ ಜೋಡಿಸಿದ ಬೈಪಾಸ್ ಎಂದರ್ಥ. ನಾಲ್ಕನೆಯ ಸ್ಥಾನದ ಸೊನ್ನೆ ಒಂದಾದರೆ ಜೋಡಣೆ ಎರಡು ರಕ್ತನಾಳಗಳಿಗೆ ಆಗಿದೆ ಎಂದಾಗುತ್ತದೆ. ಸೊನ್ನೆ ಮತ್ತು ಒಂದರೊಡನೆ ಗೊಂದಲವಾಗದಿರಲೆಂದು ‘ಓ’ ಮತ್ತು ‘ಐ’ ಅಕ್ಷರಗಳನ್ನೇ ಈ ಪದ್ಧತಿಯಿಂದ ಕೈಬಿಡಲಾಗಿದೆ. ಬೆಂಗಳೂರು, ಹೈದರಾಬಾದ್, ಚೆನ್ನೈಗಳ ಕಚೇರಿಗಳಲ್ಲಿ ಕುಳಿತ ಪದವೀಧರರು ಅಮೆರಿಕದ ರೋಗಿಗಳ ಕಡತಗಳನ್ನು ಇಷ್ಟು ಸೂಕ್ಷ್ಮವಾಗಿ ಸಂಕೇತಕ್ಕಿಳಿಸುತ್ತಿರುವಾಗ, ನಮ್ಮ ಊರಿನ ರೋಗಿಯ ಕೇಸ್ ಶೀಟಿಗೆ ಆ ಅದೃಷ್ಟ ಇನ್ನೂ ಸಂಪೂರ್ಣವಾಗಿ ಒದಗಿಲ್ಲ.

ಬಳ್ಳಾರಿ ಸೀಮೆಗೆ ಚಿಕಿತ್ಸೆಯನ್ನು ಸಂಕೇತದಿಂದ ಗುರುತಿಸುವ ಈ ಪದ್ಧತಿ ಸರ್ಕಾರಿ ಯೋಜನೆಗಳ ಮೂಲಕ ಬಂತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಆರಂಭವಾದದ್ದು ಬಳ್ಳಾರಿಯೂ ಸೇರಿದ್ದ ಗುಲ್ಬರ್ಗಾ ವಿಭಾಗದಲ್ಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಅಗತ್ಯಬಿದ್ದರೆ ಇನ್ನೂ 50 ಸಾವಿರ, 402 ಚಿಕಿತ್ಸೆಗಳಿಗೆ ದೊರೆಯುತ್ತಿತ್ತು. ಯೋಜನೆಗೆ ಸೇರಿದ ಮತ್ತು ಸೇರದ ಗಡಿಹಳ್ಳಿಗಳ ಬಡ ಕುಟುಂಬಗಳನ್ನು ಹೋಲಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆ ಒಳಗೊಂಡ ಕಾಯಿಲೆಗಳಿಂದಾದ ಸಾವು ಸೇರದ ಕುಟುಂಬಗಳಲ್ಲಿ ಶೇ. 0.90 ಇದ್ದರೆ ಸೇರಿದವುಗಳಲ್ಲಿ ಶೇ. 0.32 ಮಾತ್ರ ಇತ್ತು. ಗಮನಿಸಬೇಕಾದ ಅಂಶವೆಂದರೆ, ಈ ಲೆಕ್ಕ ಮನೆಮನೆ ಸಮೀಕ್ಷೆಯಿಂದ ಬಂದದ್ದು. ಯಾವ ಚಿಕಿತ್ಸೆಗೆ ಎಷ್ಟು ಹಣ ಸಂದಾಯವಾಯಿತೆಂದು ಪ್ಯಾಕೇಜಿನ, ಅಂದರೆ ಒಂದು ಚಿಕಿತ್ಸೆಗೆ ಒಟ್ಟಾಗಿ ಗೊತ್ತುಪಡಿಸಿದ ಮೊತ್ತದ, ಸಂಕೇತ ಹೇಳಬಲ್ಲದು, ರೋಗಿ ಮುಂದೆ ಹೇಗಿದ್ದಾರೆಂದು ಹೇಳಲಾರದು.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಮಿತಿ ವರ್ಷಕ್ಕೆ 5 ಲಕ್ಷಕ್ಕೆ ಏರಿತು. ಚಿಕಿತ್ಸೆಗಳನ್ನು ದ್ವಿತೀಯ ಹಂತಕ್ಕೆ 2ಎ ಮತ್ತು 2ಬಿ, ತೃತೀಯ ಹಂತಕ್ಕೆ 3ಎ, ತುರ್ತಿಗೆ 4ಎ ಎಂದು ವಿಂಗಡಿಸಲಾಗಿದ್ದು, ತುರ್ತಲ್ಲದ ದೊಡ್ಡ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವೂ ಪೂರ್ವಾನುಮತಿಯೂ ಬೇಕು. ಬೈಪಾಸ್ ಆದರೆ ಇಸಿಜಿ, ಎಕೋ, ಆಂಜಿಯೋಗ್ರಾಂ ವರದಿಗಳನ್ನು ಮೊದಲೂ, ಆಪರೇಷನ್ ಟಿಪ್ಪಣಿ, ಎದೆಮೂಳೆ ಕೂಡಿಸಿದ ತಂತಿಗಳು ಕಾಣುವ ಎಕ್ಸ್‌ರೇ, ಡಿಸ್ಚಾರ್ಜ್ ಸಮ್ಮರಿಗಳನ್ನು ನಂತರವೂ ಆಸ್ಪತ್ರೆ ಒದಗಿಸಬೇಕಾಗುತ್ತದೆ. ಹಣ ಪ್ಯಾಕೇಜಿನ ಲೆಕ್ಕದಲ್ಲಿ ಒಟ್ಟಾಗಿ ಬರುವುದರಿಂದ, ಜೋಡಣೆ ಎರಡಾದವೋ ನಾಲ್ಕಾದವೋ ಎಂಬ ವಿವರ ಬಿಲ್ಲಿಗೆ ಮುಖ್ಯವಾಗುವುದಿಲ್ಲ. ಮುಂದಿನ ವೈದ್ಯರಿಗೆ ಮಾತ್ರ ಅದೇ ಮುಖ್ಯ. ಸಂಕೇತ ಎಂದೂ ಟಿಪ್ಪಣಿಗಿಂತ ಹೆಚ್ಚು ನಿಖರವಾಗಿರಲಾರದು ಎಂಬುದು ಇಲ್ಲಿಯ ತಿರುಳು: ಶಸ್ತ್ರಚಿಕಿತ್ಸಕರು ಬರೆಯದೆ ಬಿಟ್ಟದ್ದನ್ನು ಯಾವ ಕೋಡರ್ ಕೂಡ ಊಹಿಸಿ ಸೇರಿಸುವಂತಿಲ್ಲ.

ಕವಾಟ ಬದಲಿಸಿದ ರೋಗಿಯ ವಿಷಯದಲ್ಲಿ ಇದರ ಬೆಲೆ ಸ್ಪಷ್ಟವಾಗುತ್ತದೆ. ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗುತ್ತ, ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ ಅದರ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಆ ಅಂಕಿ ಅಯೋರ್ಟಿಕ್ ಕವಾಟಕ್ಕೆ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಕವಾಟಕ್ಕೆ 2.5ರಿಂದ 3.5 ಇರಬೇಕಾದುದರಿಂದ, ಕಡತದಲ್ಲಿ ಬರೀ ‘ಕವಾಟ ಬದಲಾವಣೆ’ ಎಂದಿದ್ದರೆ ಸಿರುಗುಪ್ಪದ ವೈದ್ಯರು ಯಾವ ಗುರಿ ಹಿಡಿಯಬೇಕೆಂದು ತಿಳಿಯದೆ ಹೋಗುತ್ತಾರೆ. ಹಲ್ಲು ಕೀಳಿಸುವಾಗ, ಹೆಣ್ಣುಮಕ್ಕಳು ಗರ್ಭ ಧರಿಸಿದಾಗ ಈ ಮಾಹಿತಿ ಇನ್ನೂ ನಿರ್ಣಾಯಕ. ಕವಾಟದ ಪೊಟ್ಟಣದ ಮೇಲಿನ ಚೀಟಿಯಲ್ಲಿ ಅದರ ಬಗೆ, ಅಳತೆ ಮತ್ತು ಕ್ರಮಸಂಖ್ಯೆ ಇರುತ್ತವೆ. ಅದರ ಒಂದು ಪ್ರತಿ ರೋಗಿಯ ಕೈಯಲ್ಲೂ ಇರಬೇಕು.

ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಮನೆಯವರು ಡಿಸ್ಚಾರ್ಜ್ ಸಮ್ಮರಿಯೊಡನೆ ಆಪರೇಷನ್ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆಯುವುದು ಒಳ್ಳೆಯದು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾಯ್ದಿಡಬೇಕು, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಅವುಗಳನ್ನು ಒದಗಿಸಬೇಕು.