ಫೋಟೊ ಬಳಸಿದ್ದಕ್ಕೆ ನೋಟಿಸ್ ಬಂತಾ? ದುಡ್ಡು ಕಟ್ಟೋ ಮುಂಚೆ ಇಷ್ಟು ನೋಡಿ

‘ನಿಮ್ಮ ವೆಬ್‌ಸೈಟಿನಲ್ಲಿ ನಮ್ಮ ಕಕ್ಷಿದಾರರ ಫೋಟೊ ಅನುಮತಿಯಿಲ್ಲದೆ ಬಳಕೆಯಾಗಿದೆ. 14 ದಿನದೊಳಗೆ ಹಣ ಪಾವತಿಸಿ, ಇಲ್ಲವೇ ಕಾನೂನು ಕ್ರಮ ಎದುರಿಸಿ.’

ಇಂಥದ್ದೊಂದು ಇಮೇಲ್ ಬಂದರೆ ಎದೆ ಧಸಕ್ ಅನ್ನೋದು ಸಹಜ. ಜೊತೆಗೆ ನಿಮ್ಮದೇ ಪೇಜಿನ ಸ್ಕ್ರೀನ್‌ಶಾಟ್, ಕೆಳಗೊಂದು ಪೇಮೆಂಟ್ ಲಿಂಕ್. ಹೋಮ್‌ಸ್ಟೇ ನಡೆಸೋರು, ಮನೆಯಲ್ಲೇ ಕೇಕ್ ಮಾಡಿ ಮಾರೋರು, ಪುಟ್ಟ ಸ್ಟಾರ್ಟಪ್ ಶುರು ಮಾಡಿದೋರು, ಯಾರಿಗೆ ಬೇಕಾದರೂ ಇದು ಬರಬಹುದು.

ಆಗ ಹೆಚ್ಚಿನವರು ಮಾಡೋದು ಎರಡೇ ಕೆಲಸ. ಸ್ಪ್ಯಾಮ್ ಅಂತ ಡಿಲೀಟ್ ಮಾಡೋದು, ಇಲ್ಲಾ ಹೆದರಿ ಕೇಳಿದಷ್ಟೂ ಕಟ್ಟಿಬಿಡೋದು. ಎರಡೂ ಸರಿಯಲ್ಲ. ಆ ಪತ್ರ ಕೋರ್ಟಿನ ತೀರ್ಪಲ್ಲ, ಬರೀ ಒಂದು ಕ್ಲೇಮ್. ಪುರಾವೆ ಕೇಳೋದು ನಿಮ್ಮ ಹಕ್ಕು, ಉತ್ತರ ಕೊಡೋದು ನಿಮಗೇ ಒಳ್ಳೇದು.

ಅವರಿಗೆ ಹೇಗೆ ಗೊತ್ತಾಗುತ್ತೆ?

‘ಕ್ರಾಪ್ ಮಾಡಿದ್ದೆ, ಫಿಲ್ಟರ್ ಹಾಕಿದ್ದೆ, ಆದರೂ ಹೇಗೆ ಸಿಕ್ಕಿಬಿತ್ತು?’ ಅನ್ನೋದು ಎಲ್ಲರ ಪ್ರಶ್ನೆ. ಸಾಫ್ಟ್‌ವೇರ್ ಕೆಲಸದಲ್ಲಿರೋನಾಗಿ ಹೇಳೋದಾದರೆ, ಇದರಲ್ಲಿ ಮ್ಯಾಜಿಕ್ ಏನಿಲ್ಲ. ಚಿತ್ರದ ಬೆಳಕು-ನೆರಳಿನ ವಿನ್ಯಾಸದಿಂದ ಒಂದು ಬೆರಳಚ್ಚು ತಯಾರಾಗುತ್ತೆ. ಬಣ್ಣ ಬದಲಾದರೂ ಅಳತೆ ಚಿಕ್ಕದಾದರೂ ಆ ಬೆರಳಚ್ಚು ಹೆಚ್ಚೂಕಡಿಮೆ ಹಾಗೇ ಇರುತ್ತೆ. ಬಾಟ್‌ಗಳು ವೆಬ್‌ಸೈಟಿನಿಂದ ವೆಬ್‌ಸೈಟಿಗೆ ಓಡಾಡಿ ಅದನ್ನು ಹೋಲಿಸಿ ನೋಡ್ತಾವೆ. ನೋಟಿಸ್ ಕಳಿಸೋದೇ ವ್ಯವಹಾರವಾಗಿರುವ ಏಜೆನ್ಸಿಗಳೂ ಇವೆ.

ಕಾನೂನು ಏನನ್ನುತ್ತೆ?

ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೊ ಒಂದು ಕಲಾಕೃತಿ. ರಿಜಿಸ್ಟರ್ ಮಾಡಿಸದಿದ್ದರೂ, ವಾಟರ್‌ಮಾರ್ಕ್ ಇಲ್ಲದಿದ್ದರೂ ಹಕ್ಕು ಇದ್ದೇ ಇರುತ್ತೆ. 2012ರ ತಿದ್ದುಪಡಿ ಆದಮೇಲೆ ಅದರ ಅವಧಿ, ಫೋಟೊ ತೆಗೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಹಾಗಾಗಿ ‘ಗೂಗಲ್‌ನಲ್ಲಿ ಸಿಕ್ತು’ ಅನ್ನೋದು ಅನುಮತಿಯಲ್ಲ. ‘ಕ್ರೆಡಿಟ್ ಕೊಟ್ಟಿದ್ದೀನಲ್ಲ’ ಅನ್ನೋದೂ ಅಲ್ಲ.

ವೈಯಕ್ತಿಕ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಯ ವರದಿ ಇಂಥವಕ್ಕೆ ಸೆಕ್ಷನ್ 52ರಲ್ಲಿ ರಿಯಾಯಿತಿ ಇದೆ. ಆದರೆ ಹೋಮ್‌ಸ್ಟೇ ಜಾಹೀರಾತಿಗೆ ಯಾರೋ ತೆಗೆದ ಜಲಪಾತದ ಫೋಟೊ ಹಾಕಿದರೆ ಈ ರಕ್ಷಣೆ ಸಿಗೋದು ಕಷ್ಟ. ಬೇಕಂತಲೇ ಉಲ್ಲಂಘನೆ ಮಾಡಿದ್ದು ಸಾಬೀತಾದರೆ ಸೆಕ್ಷನ್ 63ರಡಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಅದಕ್ಕೇ ಪತ್ರವನ್ನು ಕಸದಬುಟ್ಟಿಗೆ ಹಾಕಬೇಡಿ ಅನ್ನೋದು.

ನಮ್ಮ ಕಾಯ್ದೆಯಲ್ಲಿ ಇನ್ನೊಂದು ವಿಶೇಷವಿದೆ. ನೀವೇ ದುಡ್ಡು ಕೊಟ್ಟು ಫೋಟೊಗ್ರಾಫರನ್ನು ಕರೆಸಿ ಅಂಗಡಿ ಫೋಟೊ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಮೊದಲ ಹಕ್ಕುದಾರರು ನೀವೇ. ಆ ಬಿಲ್ ಹುಡುಕಿಟ್ಟುಕೊಳ್ಳಿ.

ಮೊದಲ ದಿನದ ಕೆಲಸ

ಮೊದಲು ದಾಖಲೆ, ಆಮೇಲೆ ಡಿಲೀಟ್. ಪೇಜಿನ ಸ್ಕ್ರೀನ್‌ಶಾಟ್, ಫೋಟೊ ಅಪ್‌ಲೋಡ್ ಆದ ದಿನ, ಎಲ್ಲಿಂದ ತಂದದ್ದು, ಹಾಕಿದ್ದು ಯಾರು, ಲೈಸೆನ್ಸ್ ರಸೀದಿ ಇದೆಯಾ ಇವೆಲ್ಲ ಒಂದೇ ಫೋಲ್ಡರಿಗೆ ಸೇರಲಿ. ಫೋಟೊ ಸ್ಟಾಕ್ ಸೈಟಿಂದ ಬಂದಿದ್ದರೆ ನಿಮ್ಮ ಅಕೌಂಟಿನ ಡೌನ್‌ಲೋಡ್ ಹಿಸ್ಟರಿ ನೋಡಿ.

ಆಮೇಲೆ ಫೋಟೊ ತೆಗೀರಿ, ಪೂರ್ತಿಯಾಗಿ. ವರ್ಡ್‌ಪ್ರೆಸ್‌ನಲ್ಲಿ ಲೇಖನದಿಂದ ಚಿತ್ರ ತೆಗೆದರೂ ಮೂಲ ಫೈಲು, ಅದರ ಚಿಕ್ಕ ಅಳತೆಯ ಪ್ರತಿಗಳು ಮೀಡಿಯಾ ಲೈಬ್ರರಿಯಲ್ಲಿ ಉಳಿದಿರ್ತಾವೆ. ಲಿಂಕ್ ಗೊತ್ತಿದ್ದವರಿಗೆ ಇನ್ನೂ ಕಾಣುತ್ತೆ. ಅಲ್ಲಿಂದಲೂ ತೆಗೆದು ಕ್ಯಾಶ್ ಖಾಲಿ ಮಾಡಿ. ಸೋಶಿಯಲ್ ಮೀಡಿಯಾ ಪೋಸ್ಟುಗಳನ್ನೂ ನೋಡಿ.

ಒಂದು ಎಚ್ಚರಿಕೆ: ಈ ಹೆಸರಿನಲ್ಲಿ ಮೋಸದ ಮೇಲ್‌ಗಳೂ ಓಡಾಡ್ತಾವೆ. ಮೇಲ್‌ನಲ್ಲಿರೋ ಲಿಂಕ್, ಅಟ್ಯಾಚ್‌ಮೆಂಟ್ ಒತ್ತಬೇಡಿ. ಕಳಿಸಿದ ಸಂಸ್ಥೆಯ ವೆಬ್‌ಸೈಟನ್ನು ನೀವೇ ಬೇರೆಯಾಗಿ ಹುಡುಕಿ, ಅಲ್ಲಿರೋ ಸಂಪರ್ಕದಿಂದ ಖಚಿತಪಡಿಸಿಕೊಳ್ಳಿ.

ಮೂರು ಪ್ರಶ್ನೆ ಕೇಳಿ

ಪತ್ರ ಕಳಿಸಿದವರಿಗೆ ನಿಜವಾಗಿ ಹಕ್ಕಿದೆಯಾ ಅನ್ನೋದು ಸಣ್ಣ ಪ್ರಶ್ನೆಯಲ್ಲ. ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ತಮ್ಮ ಸಾವಿರಾರು ಫೋಟೊಗಳನ್ನು ಜನ ಉಚಿತವಾಗಿ ಬಳಸಲಿ ಅಂತ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟವರು. 2015ರ ಕೊನೆಯಲ್ಲಿ ಅವರದೇ ಪ್ರತಿಷ್ಠಾನದ ವೆಬ್‌ಸೈಟಿನಲ್ಲಿ ಅವರೇ ತೆಗೆದ ಫೋಟೊ ಇದ್ದದ್ದಕ್ಕೆ 120 ಡಾಲರ್ ಕಟ್ಟಿ ಅಂತ ಪತ್ರ ಬಂತು! ಅಂದಮೇಲೆ ನಾವು ನೀವು ಕೇಳೋದರಲ್ಲಿ ತಪ್ಪೇನಿದೆ?

ಉತ್ತರ ಹೀಗಿದ್ದರೆ ಸಾಕು: ‘ನಿಮ್ಮ ಪತ್ರ ತಲುಪಿದೆ. ಯಾವುದೇ ಹೊಣೆ ಒಪ್ಪಿಕೊಳ್ಳದೆ, ಸದ್ಯಕ್ಕೆ ಚಿತ್ರವನ್ನು ತೆಗೆದಿದ್ದೇವೆ. ದಯವಿಟ್ಟು ಇವನ್ನು ಕಳಿಸಿ: ಒಂದು, ಫೋಟೊ ತೆಗೆದವರು ಯಾರು, ಅವರ ಹಕ್ಕಿಗೆ ಪುರಾವೆ. ಎರಡು, ಅವರ ಪರವಾಗಿ ಹಣ ಕೇಳಲು ನಿಮಗಿರುವ ಲಿಖಿತ ಅಧಿಕಾರ. ಮೂರು, ಕೇಳಿರುವ ಮೊತ್ತದ ಲೆಕ್ಕಾಚಾರ.’ ಇಷ್ಟೇ. ಸಿಟ್ಟಿನ ಮಾತು ಬೇಡ, ಕಥೆಯೂ ಬೇಡ. ಸುಳ್ಳಂತೂ ಬೇಡವೇ ಬೇಡ. ಫೋನಿನಲ್ಲಿ ಮಾತಾಡದೆ ಎಲ್ಲವೂ ಬರಹದಲ್ಲೇ ಇರಲಿ.

ದುಡ್ಡಿನ ಮಾತು

ಹಕ್ಕು ಅವರದೇ ಅಂತ ಖಚಿತವಾದರೆ ಚೌಕಾಸಿಗೆ ಕೂರಬಹುದು. ಅದೇ ಫೋಟೊಗೆ, ಇಲ್ಲಾ ಅಂಥದ್ದಕ್ಕೆ, ಅಷ್ಟೇ ಅವಧಿಗೆ ಲೈಸೆನ್ಸ್ ದರ ಎಷ್ಟು ಅಂತ ನೋಡಿ. ನಿಮ್ಮ ಸೈಟು ಎಷ್ಟು ಚಿಕ್ಕದು, ಫೋಟೊ ಎಷ್ಟು ದಿನ ಇತ್ತು ಅಂತ ತಿಳಿಸಿ ಪ್ರತಿ ಮೊತ್ತ ಹೇಳಿ. ಒಪ್ಪಂದವಾದರೆ ‘ಹಿಂದಿನ ಎಲ್ಲ ಬಳಕೆಗೂ ಇದೇ ಅಂತಿಮ, ಮುಂದೆ ಯಾವ ಕ್ಲೇಮೂ ಇಲ್ಲ’ ಅಂತ ಬರೆಸಿಕೊಂಡೇ ಹಣ ಕೊಡಿ. ಸೈಟ್ ಮಾಡಿದ ಡಿಸೈನರ್ ಫೋಟೊ ಹಾಕಿದ್ದರೂ ನೋಟಿಸ್ ಬರೋದು ನಿಮಗೇ. ಹೊರೆ ಯಾರು ಹೊರಬೇಕು ಅನ್ನೋದಕ್ಕೆ ಅವರ ಜೊತೆಗಿನ ಕರಾರು ತೆಗೆದು ನೋಡಿ.

ಕ್ರಿಯೇಟಿವ್ ಕಾಮನ್ಸ್ ಫೋಟೊಗೆ ಹೆಸರು ಹಾಕೋದು ಮರೆತಿದ್ದರೆ ಲೈಸೆನ್ಸಿನ ಆವೃತ್ತಿ ನೋಡಿ. 4.0 ಆಗಿದ್ದರೆ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಬಳಸೋ ಹಕ್ಕು ವಾಪಸ್ ಬರುತ್ತೆ. ಆದರೆ ಹಿಂದಿನ ಲೋಪಕ್ಕೆ ಪರಿಹಾರ ಕೇಳೋ ದಾರಿ ಅವರಿಗೆ ತೆರೆದೇ ಇರುತ್ತೆ.

ಮೊತ್ತ ಲಕ್ಷ ದಾಟಿದರೆ, ಕ್ರಿಮಿನಲ್ ಕೇಸಿನ ಮಾತು ಬಂದರೆ ಅಥವಾ ಕೋರ್ಟಿನ ಸಮನ್ಸೇ ಬಂದರೆ ಇಂಥ ಲೇಖನ ಸಾಲದು, ವಕೀಲರನ್ನು ಕಾಣಲೇಬೇಕು. ಆಧಾರವಿಲ್ಲದೆ ಬೆದರಿಸುವವರ ವಿರುದ್ಧ ನೀವೇ ಕೋರ್ಟಿಗೆ ಹೋಗೋಕೆ ಸೆಕ್ಷನ್ 60ರಲ್ಲಿ ಅವಕಾಶವಿದೆ ಅನ್ನೋದನ್ನೂ ಅವರ ಹತ್ತಿರ ಕೇಳಿ.

ಕಬಿನಿ ಹಿನ್ನೀರಲ್ಲಿ ದಿನಗಟ್ಟಲೆ ಕಾದು ಒಂದು ಚಿತ್ರ ತೆಗೆದವರಿಗೆ ಅದೇ ಅನ್ನ. ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಹೆದರಿಸಿ ಹತ್ತುಪಟ್ಟು ಕೇಳೋರಿಗೆ ಮಾತ್ರ ಲೆಕ್ಕ ಕೇಳಿ. ಮುಂದಿನ ಸಲ ಫೋಟೊ ಹಾಕುವಾಗ ಅದರ ಮೂಲದ ಲಿಂಕು, ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟು ಎರಡನ್ನೂ ಸೇವ್ ಮಾಡಿಡಿ. ಎರಡೇ ನಿಮಿಷದ ಕೆಲಸ. ಅದಕ್ಕಿಂತ ಸುಲಭ ಇನ್ನೊಂದಿದೆ: ನಿಮ್ಮ ಹೋಮ್‌ಸ್ಟೇ ಅಂಗಳವನ್ನು ನಿಮ್ಮ ಫೋನಿನಲ್ಲೇ ಕ್ಲಿಕ್ ಮಾಡಿ!