ವೇಗದ ಮೋಟಾರಿಗೆ ಟೈರಿನ ಆಯ್ಕೆ

ಹಳೆಯ ವಸ್ತುವನ್ನು ಮೂಲರೂಪದಲ್ಲಿಯೇ ಉಳಿಸಬೇಕೆಂಬುದು ಇತಿಹಾಸಾಸಕ್ತರ ಸಹಜವಾದ ಅಪೇಕ್ಷೆ. ಆದರೆ ಆ ವಸ್ತುವು ಇಂದಿಗೂ ರಸ್ತೆಯಲ್ಲಿ ಓಡುವ ಮೋಟಾರಾಗಿದ್ದರೆ ಈ ಅಪೇಕ್ಷೆಗೆ ಮಿತಿಯುಂಟು. 1961ರಲ್ಲಿ ಜಿನೀವಾದಲ್ಲಿ ಪ್ರದರ್ಶಿತವಾದ ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರು ಇದಕ್ಕೆ ತಕ್ಕ ನಿದರ್ಶನ. ಅದರ ಪರಮವೇಗವು ಗಂಟೆಗೆ 150 ಮೈಲಿ, ಎಂದರೆ ಸುಮಾರು 240 ಕಿಲೋಮೀಟರ್, ಎಂದು ಸಾರಲಾಗಿತ್ತು.

ಈ ಕಾರಿಗೆ ಮೊದಲು ಜೋಡಿಸಿದ್ದುದು ಡನ್‌ಲಪ್ ಕ್ರಾಸ್‌ಪ್ಲೈ ಟೈರು. ಇದರ ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯುತ್ತವೆ. ಮಿಷೆಲಿನ್ ಸಂಸ್ಥೆಯು 1949ರಲ್ಲಿ ಮಾರಾಟಕ್ಕೆ ತಂದ ರೇಡಿಯಲ್ ಟೈರಿನಲ್ಲಾದರೋ ಎಳೆಗಳು ಒಂದಂಚಿನಿಂದ ಇನ್ನೊಂದಂಚಿಗೆ ನೇರವಾಗಿ ಸಾಗುತ್ತವೆ. ಅವುಗಳ ಮೇಲೆ ಉಕ್ಕಿನ ತಂತಿಯ ಪಟ್ಟಿಯಿರುತ್ತದೆ. ಆದ್ದರಿಂದ ತಿರುವಿನಲ್ಲಿಯೂ ಟೈರು ನೆಲವನ್ನು ಹೆಚ್ಚು ಸಮವಾಗಿ ಹಿಡಿಯುತ್ತದೆ. ಮುಂದಿನ ಗಾಲಿಗಳಿಗೆ ರೇಡಿಯಲ್, ಹಿಂದಿನವಕ್ಕೆ ಕ್ರಾಸ್‌ಪ್ಲೈ ಹಾಕಿದರೆ ಹಿಂಭಾಗವು ಜಾರಿ ಪ್ರಾಣಾಪಾಯವೊದಗಬಹುದು. ನಾಲ್ಕೂ ಒಂದೇ ಜಾತಿಯವಾಗಿರಬೇಕು.

ಟೈರಿನ ಪಕ್ಕದ ಬರಹವನ್ನು ಶಾಸನದಂತೆ ಓದತಕ್ಕದ್ದು. ‘ಎಚ್’ ಅಕ್ಷರವು ಗಂಟೆಗೆ 210 ಕಿಲೋಮೀಟರ್, ‘ವಿ’ ಅಕ್ಷರವು 240 ಕಿಲೋಮೀಟರ್ ವೇಗದ ಮಿತಿಯನ್ನು ಸೂಚಿಸುತ್ತವೆ. 2000ದಿಂದೀಚೆಗೆ ತಯಾರಾದ ಟೈರುಗಳಲ್ಲಿ ‘ಡಾಟ್’ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಕಾಲವನ್ನು ಹೇಳುತ್ತವೆ: 2319 ಎಂದರೆ 2019ರ 23ನೆಯ ವಾರ. ಇಂತಹ ಕಾರುಗಳು ಅಪರೂಪವಾಗಿ ಓಡುವುದರಿಂದ, ಟೈರಿನ ಅಚ್ಚು ಸವೆಯುವ ಮುನ್ನವೇ ರಬ್ಬರು ಗಡುಸಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಹೊಸದರಂತೆ ತೋರುವ ಹಳೆಯ ಟೈರೇ ಹೆಚ್ಚು ವಂಚಿಸುವುದು.

ಆದುದರಿಂದ ಅಳತೆಯಲ್ಲಿ ಮೂಲವನ್ನು ಅನುಸರಿಸಿ, ವೇಗದ ಅಕ್ಷರವನ್ನೂ ತಯಾರಾದ ವರ್ಷವನ್ನೂ ಪರೀಕ್ಷಿಸಿ ಕೊಳ್ಳುವುದು ಯುಕ್ತ. ಪ್ರಾಚೀನತೆಯು ಕಾರಿಗೆ ಭೂಷಣ; ಟೈರಿಗಲ್ಲ.