ಕಛೇರಿಯ ಧ್ವನಿಮುದ್ರಣಕ್ಕೆ ಎಂಥ ರೆಕಾರ್ಡರ್?

ಪ್ರಶ್ನೆ: ನುಗ್ಗೇಹಳ್ಳಿಯಿಂದ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋಗುವವರು ಅಲ್ಲಿನ ಕಛೇರಿಗಳನ್ನು ಮುದ್ರಿಸಿಕೊಳ್ಳಲು ಎಂಥ ಸಾಧನ ಕೊಳ್ಳಬೇಕು?

ಉತ್ತರ: ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಹುಟ್ಟೂರಾದ, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ನಡೆಯುವಂಥ ಕರ್ನಾಟಕ ಸಂಗೀತದ ಕಛೇರಿಯಲ್ಲಿ ತಂಬೂರಿಯ ಮೆಲುನಾದವೂ ಮೃದಂಗದ ಬಿರುಸಾದ ಪೆಟ್ಟೂ ಒಟ್ಟಿಗೇ ಕೇಳಿಬರುವುದರಿಂದ, ಧ್ವನಿಯ ಮಟ್ಟವನ್ನು ಕೈಯಿಂದಲೇ ಹೊಂದಿಸಬಹುದಾದ ರೆಕಾರ್ಡರನ್ನೇ ಆರಿಸಬೇಕು. ಮಟ್ಟವನ್ನು ತಾನಾಗಿಯೇ ಏರಿಳಿಸುವ ಸಾಧನವು ಆಲಾಪನೆಯ ನಡುವಿನ ಮೌನದಲ್ಲಿ ಸಭೆಯ ಕೆಮ್ಮನ್ನು ಹಿಗ್ಗಿಸಿ, ತನಿ ಆವರ್ತನದಲ್ಲಿ ಮೃದಂಗವನ್ನು ಕುಗ್ಗಿಸುತ್ತದೆ. ಸಂಗೀತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಧ್ವನಿಯ ಏರಿಳಿತವನ್ನು ಎಷ್ಟು ಸೂಕ್ಷ್ಮವಾಗಿ ಅಳೆದು ದಾಖಲಿಸಲಾಗುತ್ತದೆ ಎಂಬುದನ್ನು ಸೂಚಿಸುವ ಬಿಟ್ ಸಂಖ್ಯೆ 24 ಇದ್ದರೆ, ಅತ್ಯುಚ್ಚ ಪೆಟ್ಟೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಂತೆ ಮಟ್ಟವನ್ನು ತಗ್ಗಿಸಿಟ್ಟರೂ ಮಂದ ಸ್ವರಗಳು ಕೆಡುವುದಿಲ್ಲ. ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ, ಸಂಕುಚಿತಗೊಳಿಸದ ವೇವ್ ಕಡತವಾಗಿ ಉಳಿಸಿದ ಇಂಥ ಸ್ಟೀರಿಯೊ ಮುದ್ರಣ ಗಂಟೆಗೆ ಸುಮಾರು 1 ಗಿಗಾಬೈಟ್ ಜಾಗ ಬೇಡುತ್ತದೆಯಾದ್ದರಿಂದ 32 ಗಿಗಾಬೈಟ್ ಕಾರ್ಡು ಧಾರಾಳವಾಗಿ ಸಾಕು.

ಮುಂದಿನ ದನಿಯನ್ನು ಹೆಚ್ಚಾಗಿಯೂ ಹಿಂದಿನದನ್ನು ಕಡಿಮೆಯಾಗಿಯೂ ಗ್ರಹಿಸುವ ಕಾರ್ಡಿಯಾಯ್ಡ್ ಮೈಕುಗಳ ಜೋಡಿಯುಳ್ಳ ಸಾಧನವನ್ನು ಸಭಿಕರ ತಲೆಗಿಂತ ಎತ್ತರದ ಸ್ಟ್ಯಾಂಡಿನ ಮೇಲೆ, ವೇದಿಕೆಯ ನಡುನೇರಕ್ಕೆ ಇಡುವುದು ಉತ್ತಮ. ಬಯಲಾದರೆ ಗಾಳಿಯ ಸದ್ದು ತಡೆಯುವ ಸ್ಪಂಜಿನ ಹೊದಿಕೆ ಅನಿವಾರ್ಯ. ಧ್ವನಿವರ್ಧಕದವರ ಮಿಕ್ಸರಿನಿಂದ ನೇರವಾಗಿ ತಂತಿ ಎಳೆದರೆ ಗಾಯನ ಸ್ಪಷ್ಟವಾಗುತ್ತದೆಯಾದರೂ ಸಭಾಂಗಣದ ಅನುರಣನ, ಅಂದರೆ ಗೋಡೆಗಳಿಂದ ಮರಳುವ ನಾದ, ಬಹುಮಟ್ಟಿಗೆ ಕಳೆದುಹೋಗುತ್ತದೆ; ಎರಡು ಹೆಚ್ಚುವರಿ ಇನ್‌ಪುಟ್ ಇರುವ ರೆಕಾರ್ಡರು ಮೈಕಿನ ಧ್ವನಿಯನ್ನೂ ಮಿಕ್ಸರಿನ ಧ್ವನಿಯನ್ನೂ ಬೇರೆ ಬೇರೆಯಾಗಿ ಹಿಡಿಯಬಲ್ಲದು. ಕಲಾವಿದರ ಮತ್ತು ಸಂಘಟಕರ ಒಪ್ಪಿಗೆಯನ್ನು ಮಾತ್ರ ಮೊದಲೇ ಪಡೆದಿರಬೇಕು.